ಹಲ್ಲಿಗಿಂತ ಎತ್ತರ ನಿಂತ ಸಿಮೆಂಟು

ಅವನು ಬಾಗಿಲು ತಳ್ಳಿಕೊಂಡು ಬಂದವನೇ ನನ್ನ ಕಡೆ ತಿರುಗಿ ಹಣೆಗೆ ಕೈಯಿಟ್ಟು ಸಲಾಂ ಮಾಡಿದ. ಆಮೇಲೆ ನೇರವಾಗಿ ಹೋಗಿ ಇನ್ನೊಂದು ಕುರ್ಚಿಯಲ್ಲಿ ಕೂತ. ಹಾಲುಹಲ್ಲು ಅಲ್ಲಾಡುತ್ತಿದ್ದ ಕಾಲದಿಂದ ನನ್ನೆದುರು ಬಾಯಿ ತೆರೆದವನು. ಅವನ ಹುಳುಕು ಹಲ್ಲಿಗೆ ಮೊದಲ ಸಿಮೆಂಟು ತುಂಬಿದವಳು ನಾನು. ಹೈಸ್ಕೂಲಿನಲ್ಲಿದ್ದಾಗ ಕ್ಲಿಪ್ ಹಾಕಿ, ತಿಂಗಳಿಗೊಮ್ಮೆ ತಂತಿ ಬಿಗಿಮಾಡಿ, ವಕ್ರವಾಗಿದ್ದ ಸಾಲನ್ನು ನೇರ ಮಾಡಿದವಳೂ ನಾನೇ. ಈಗ ಇಪ್ಪತ್ತು ದಾಟಿದ ಯುವಕ, ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ನಾನು ಜೋಡಿಸಿಕೊಟ್ಟ ಹಲ್ಲಿನಲ್ಲೇ ನಗುತ್ತಾ ಹೋಗಿ, ನಾನೇ ಕೆಲಸಕ್ಕಿಟ್ಟುಕೊಂಡ ಚಿಕ್ಕ ಡಾಕ್ಟರ ಕುರ್ಚಿಯಲ್ಲಿ ಕೂತ.

ನನಗೆ ಹೊಟ್ಟೆಕಿಚ್ಚಾಯಿತು. ಅದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ.

ಹಲಸೂರಿನ ಮಾರುಕಟ್ಟೆ ಹತ್ತಿರ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಹಲ್ಲಿನ ಆಸ್ಪತ್ರೆ. ಬಹಳ ವರ್ಷ ಒಂದೇ ಕುರ್ಚಿಯಲ್ಲಿ ನಡೆಯುತ್ತಿತ್ತು. ಕುತ್ತಿಗೆ ನೋವು ಜಾಸ್ತಿಯಾದ ಮೇಲೆ ಎರಡನೇ ಕುರ್ಚಿ ಹಾಕಿಸಿ, ಕಗ್ಗದಾಸಪುರದಿಂದ ಸ್ಕೂಟರಿನಲ್ಲಿ ಬರುವ ಒಬ್ಬ ಯುವ ದಂತವೈದ್ಯೆಯನ್ನು ಕೆಲಸಕ್ಕೆ ಸೇರಿಸಿಕೊಂಡೆ. ರೋಗಿಗಳು ನಮ್ಮನ್ನು ದೊಡ್ಡ ಮೇಡಂ, ಚಿಕ್ಕ ಮೇಡಂ ಎಂದು ಗುರುತಿಟ್ಟುಕೊಂಡರು. ಮೊದಲ ಕೆಲವು ತಿಂಗಳು ನನ್ನ ಕುರ್ಚಿ ಖಾಲಿಯಿಲ್ಲದಾಗ ಅವಳ ಹತ್ತಿರ ಹೋಗುತ್ತಿದ್ದರು. ಆಮೇಲೆ ನನ್ನ ಕುರ್ಚಿ ಖಾಲಿಯಿದ್ದರೂ ಬೆಂಚಿನ ಮೇಲೆ ಕೂತು ಅವಳಿಗಾಗಿ ಕಾಯತೊಡಗಿದರು. ನಾನು ಕರೆದರೆ, ಪರವಾಗಿಲ್ಲ ಮೇಡಂ, ಅರ್ಜೆಂಟಿಲ್ಲ ಎನ್ನುತ್ತಿದ್ದರು. ಹಲ್ಲುನೋವಿನವರಿಗೆ ಅರ್ಜೆಂಟಿಲ್ಲವಂತೆ.

ಅವಳಲ್ಲಿ ಏನಿದೆ ಎಂದು ನಾನು ಕಿಟಕಿ ಪಕ್ಕ ಕೂತು ಬೇಕಾದಷ್ಟು ಸಲ ಲೆಕ್ಕ ಹಾಕಿದ್ದೇನೆ. ಸೂಜಿ ಚುಚ್ಚುವಾಗ ಮಾತಾಡಿಸುತ್ತಾಳೆ. ತಮಿಳಿನವರಿಗೆ ತಮಿಳು, ಶಿವಾಜಿನಗರದವರಿಗೆ ದಖನಿ ಉರ್ದು. ಅವಳು ಬೆಳೆದ ಗಲ್ಲಿಯಲ್ಲಿ ಎರಡೂ ಭಾಷೆ ಕಿವಿಗೆ ಬೀಳುತ್ತಿದ್ದವಂತೆ. ನಾನು ಆ ಸೇಲ್ಸ್‌ಮನ್ ಹುಡುಗನ ತಾಯಿಯ ಜೊತೆ ಇಷ್ಟು ವರ್ಷವೂ ಅರ್ಧ ಕನ್ನಡ, ಅರ್ಧ ದೂರದರ್ಶನದ ಹಿಂದಿಯಲ್ಲಿ ವ್ಯವಹಾರ ಮಾಡಿದವಳು. ಅವಳ ಕೈಯೂ ಹಗುರ. ಅವಳು ಹಾಕಿದ ಸಿಮೆಂಟಿಗೂ ಹಲ್ಲಿಗೂ ನಡುವೆ ಗೆರೆ ಕಾಣುವುದಿಲ್ಲ. ಇದೆಲ್ಲದರ ಮೇಲೆ ಅವಳಿಗೊಂದು ಅಭ್ಯಾಸ. ಬಂದ ಪ್ರತಿಯೊಬ್ಬರ ಬಾಯಿಯೊಳಗೆ ಉದ್ದನೆಯ ಕನ್ನಡಿಯಿಟ್ಟು, ಮೇಲಿನ ಸಾಲು, ಕೆಳಗಿನ ಸಾಲು, ಎಡ, ಬಲ ಎಂದು ಕ್ಯಾಮೆರಾದಲ್ಲಿ ಫೋಟೋ ತೆಗೆಯುವುದು. ಸ್ಟುಡಿಯೋ ಯಾವಾಗ ಶುರು ಮಾಡ್ತೀಯಮ್ಮಾ ಎಂದು ಎಲ್ಲರೆದುರು ಕಿಚಾಯಿಸುತ್ತಿದ್ದೆ. ನಾನು ಕ್ಲಿಪ್ ಹಾಕಿದವರ ಹಲ್ಲುಗಳನ್ನೆಲ್ಲ ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ಅಟ್ಟದ ಮೇಲೆ ಡಬ್ಬಗಳಲ್ಲಿ ತುಂಬಿಟ್ಟಿದ್ದೇನೆ. ಅವಳು ಅದನ್ನು ಮ್ಯೂಸಿಯಂ ಎಂದು ಕರೆದು ಲೆಕ್ಕ ಚುಕ್ತಾ ಮಾಡುತ್ತಿದ್ದಳು.

ಆ ಹುಡುಗ ಅವಳ ಕುರ್ಚಿಯಲ್ಲಿ ಕೂತ ಮೊದಲ ದಿನ ಅವನ ದವಡೆ ಹಲ್ಲೊಂದರಲ್ಲಿ ಹುಳುಕಿತ್ತು. ಅವಳು ತೆಗೆದು ಸಿಮೆಂಟು ತುಂಬಿದಳು. ಕೆಲವು ತಿಂಗಳ ಮೇಲೆ ಮತ್ತೆರಡು ಹಲ್ಲುಗಳಲ್ಲಿ ಹುಳುಕು ಕಂಡಿತು. ಅವನ ಅಂಗಿ ಜೇಬಿನಲ್ಲಿ ಯಾವಾಗಲೂ ಪೆಪ್ಪರಮಿಂಟಿನ ಪೊಟ್ಟಣ. ದಿನವಿಡೀ ಗಿರಾಕಿಗಳ ಮುಖದ ಹತ್ತಿರ ಮಾತಾಡುವ ಕೆಲಸ, ಬಾಯಿ ವಾಸನೆ ಬರಬಾರದು ಎನ್ನುತ್ತಿದ್ದ. ಸಕ್ಕರೆ ಚೀಪಿದರೆ ಹುಳುಕು ಬಾರದೆ ಇನ್ನೇನು ಬರುತ್ತದೆ ಎಂದು ನಾನೂ ಹಿಂದೆ ಬೈದಿದ್ದೆ, ಅವಳೂ ಬುದ್ಧಿ ಹೇಳಿದಳು. ನಮಗಿಬ್ಬರಿಗೂ ಉತ್ತರ ಸಿಕ್ಕಿತ್ತು, ಹಾಗಾಗಿ ಪ್ರಶ್ನೆ ಕೇಳುವ ಗೋಜಿಗೆ ಹೋಗಲಿಲ್ಲ.

ವರ್ಷ ಕಳೆದ ಮೇಲೆ ಅವನು ಬೇರೊಂದು ದೂರು ತಂದ. ಚಿಕ್ಕ ಮೇಡಂ ಹಾಕಿದ ಸಿಮೆಂಟು ನಾಲಿಗೆಗೆ ತಾಕುತ್ತದೆ, ಅಲ್ಲಿ ಏನೋ ಎತ್ತರ ಎದ್ದಿದೆ ಎಂದ. ಇಂಥ ದೂರಿಗೆ ನಮ್ಮಲ್ಲಿ ಒಂದೇ ಪದ್ಧತಿ. ಹಲ್ಲುಗಳ ನಡುವೆ ನೀಲಿ ಕಾಗದವಿಟ್ಟು ಕಚ್ಚಿಸುತ್ತೇವೆ. ಎತ್ತರವಿದ್ದ ಕಡೆ ನೀಲಿ ಗುರುತು ಬೀಳುತ್ತದೆ. ಆ ಗುರುತನ್ನು ಉಜ್ಜಿ ತಗ್ಗಿಸುತ್ತೇವೆ. ಅವಳು ಹಾಗೇ ಮಾಡಿ ಕಳಿಸಿದಳು. ಕೆಲ ತಿಂಗಳಿಗೆ ಅದೇ ದೂರು, ಮತ್ತೆ ನೀಲಿ ಕಾಗದ, ಮತ್ತೆ ಉಜ್ಜುವುದು. ನಾನು ಕಿಟಕಿ ಪಕ್ಕದಿಂದ ನೋಡುತ್ತಾ, ಪರವಾಗಿಲ್ಲ, ಇವಳಿಗೂ ಮೇಲಿನ ಕೆಳಗಿನ ಹಲ್ಲುಗಳ ಕಚ್ಚು ಸರಿಯಾಗಿ ಕೂರಿಸಲು ಬರುವುದಿಲ್ಲ ಎಂದುಕೊಂಡೆ. ಆ ದಿನ ಮನೆಗೆ ಹೋಗುವಾಗ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಆಟೋ ನಿಲ್ಲಿಸಿ ಮೊಳ ಮಲ್ಲಿಗೆ ಕೊಂಡೆ. ಮನೆಯಲ್ಲಿ ಏನು ವಿಶೇಷ ಎಂದು ಕೇಳಿದರು, ಏನೂ ಇಲ್ಲ ಎಂದೆ.

ಅಷ್ಟರಲ್ಲಿ ಅವನ ಮುಂದಿನ ಹಲ್ಲುಗಳು ಕೆಟ್ಟವು. ಮೇಲಿನ ಬಾಚಿ ಹಲ್ಲುಗಳ ಅಂಚು ತೆಳುವಾಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಂತಾಯಿತು. ಒಂದರ ಮೂಲೆ ಚೂರು ಮುರಿಯಿತು. ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ, ಚಹಾ ಕುಡಿದರೂ ಜುಮ್ಮೆನ್ನುತ್ತದೆ ಎಂದ. ಅಂಗಡಿಯಲ್ಲಿ ಸೀರೆಯ ಸೆರಗನ್ನು ಬಿಡಿಸುವಾಗ ಒಂದು ಕೈ ಬಾಯಿಗೆ ಅಡ್ಡ ಹೋಗುತ್ತದೆಂದು ಮಾಲೀಕರು ಗದರಿದ್ದರಂತೆ. ಸಾಲದ್ದಕ್ಕೆ ರಂಜಾನ್ ಕಳೆದ ಮೇಲೆ ಮದುವೆ ನಿಶ್ಚಯವಾಗಿತ್ತು. ಹುಡುಗಿ ಫ್ರೇಜರ್ ಟೌನಿನವಳು. ಚಿಕ್ಕ ಮೇಡಂ ಧೈರ್ಯ ಹೇಳಿದಳು. ಮೇಲಿನ ಆರು ಹಲ್ಲುಗಳನ್ನು ಸುತ್ತಲೂ ಕೊರೆದು ಸಣ್ಣ ಮಾಡಿ, ಮೇಲೆ ಬಿಳಿ ಕ್ಯಾಪ್ ಕೂರಿಸಿದರೆ ಮದುವೆ ಫೋಟೋದಲ್ಲಿ ಹೀರೋ ಹಾಗೆ ಕಾಣುತ್ತೀಯ ಎಂದು ಮಾತು ಕೊಟ್ಟಳು. ಕೊರೆಯಲು ಮುಂದಿನ ವಾರದ ದಿನವೂ ಗೊತ್ತಾಯಿತು.

ಆಗ ಅವನ ತಾಯಿ ಒಬ್ಬರೇ ಮೆಟ್ಟಿಲು ಹತ್ತಿ ಬಂದರು. ಚಿಕ್ಕ ಮೇಡಂ ಊಟಕ್ಕೆ ಹೋಗಿರುವುದನ್ನು ನೋಡಿಕೊಂಡೇ ಬಂದಿರಬೇಕು. ಬುರ್ಖಾದ ಮುಸುಕು ಮೇಲೆ ಸರಿಸಿ ನನ್ನ ಕೈ ಹಿಡಿದು, ಮಗನ ಹಲ್ಲು ನಿಮ್ಮ ಹತ್ತಿರ ಇದ್ದಾಗ ಚೆನ್ನಾಗಿತ್ತು ಎಂದರು. ಹೊಸಬರ ಕೈಗೆ ಹೋದ ಮೇಲೆ ಒಂದು ಮಾಡಿದರೆ ಇನ್ನೊಂದು ಕೆಡುತ್ತಿದೆ, ಸಿಮೆಂಟು ಕೂಡ ಏಳುತ್ತಿದೆ, ಕ್ಯಾಪ್ ನೀವೇ ಹಾಕಿಕೊಡಿ ಎಂದು ಬೇಡಿಕೊಂಡರು.

"ಅವಳ ಕೈ ನಕ್ಕೋ, ಡಾಕ್ಟರ್ ಸಾಹಿಬಾ," ಎಂದರು. "ನೀವೇ ಬೇಕು."

ಎಷ್ಟು ದಿನದಿಂದ ಈ ಮಾತಿಗೆ ಕಾದಿದ್ದೆನೋ. ಕೇಳಿದ ತಕ್ಷಣ ಮೈಯೆಲ್ಲ ತಂಪಾಯಿತು. ನೋಡಿ ಹೇಳುತ್ತೇನೆ ಎಂದು ಅವರನ್ನು ಕಳಿಸಿ, ಮಧ್ಯಾಹ್ನದ ಬಿಡುವಿನಲ್ಲಿ ಷಟರ್ ಅರ್ಧ ಎಳೆದು, ಅವಳ ಕಂಪ್ಯೂಟರಿನ ಮುಂದೆ ಕೂತೆ. ಅವನ ಫೋಟೋಗಳು ಸಾಲಾಗಿ ಇದ್ದವು. ನನಗೆ ಬೇಕಾಗಿದ್ದದ್ದು ಅವಳ ತಪ್ಪು. ಎತ್ತರವಾಗಿ ತುಂಬಿದ ಸಿಮೆಂಟು, ಒರಟು ಅಂಚು, ಉಳಿಸಿಬಿಟ್ಟ ಹುಳುಕು, ಯಾವುದಾದರೂ ಆದೀತು. ಕನ್ನಡಕ ಒರೆಸಿಕೊಂಡು, ಚಿತ್ರವನ್ನು ದೊಡ್ಡದು ಮಾಡಿ, ಮೂಲೆ ಮೂಲೆ ಹುಡುಕಿದೆ. ಇಷ್ಟು ಶ್ರದ್ಧೆಯಿಂದ ನಾನು ನನ್ನ ಸ್ವಂತ ರೋಗಿಗಳ ಬಾಯನ್ನೂ ನೋಡಿರಲಿಲ್ಲ.

ಸಿಮೆಂಟು ತುಂಬಿದ ದಿನದ ಫೋಟೋದಲ್ಲಿ ಅದು ಹಲ್ಲಿನ ಜೊತೆ ಸಮವಾಗಿತ್ತು. ಎಲ್ಲಿ ಹಲ್ಲು ಮುಗಿದು ಎಲ್ಲಿ ಸಿಮೆಂಟು ಶುರುವಾಗುತ್ತದೆಂದು ಹೇಳಲು ಬರುತ್ತಿರಲಿಲ್ಲ. ಒಪ್ಪಿಕೊಳ್ಳಲು ಕಷ್ಟವಾಯಿತು, ಆದರೆ ಕೆಲಸ ಅಚ್ಚುಕಟ್ಟಾಗಿತ್ತು. ಇತ್ತೀಚಿನ ಫೋಟೋದಲ್ಲಿ ಅದೇ ಸಿಮೆಂಟು ಅಂಗಳದ ನಡುವಿನ ತುಳಸಿಕಟ್ಟೆಯ ಹಾಗೆ ಎದ್ದು ನಿಂತಿತ್ತು. ಅವಳು ಎರಡು ಸಲ ಉಜ್ಜಿ ತಗ್ಗಿಸಿದ ಮೇಲೂ ಎದ್ದು ನಿಂತಿತ್ತು. ಸಿಮೆಂಟು ಬೆಳೆಯುವ ವಸ್ತುವಲ್ಲ. ಹಾಗಾದರೆ ಸುತ್ತಲಿನ ಹಲ್ಲೇ ತಗ್ಗಿರಬೇಕು.

ಆಮೇಲೆ ನಾನು ಅವಳ ತಪ್ಪನ್ನು ಮರೆತು ಹಲ್ಲನ್ನು ನೋಡತೊಡಗಿದೆ. ದವಡೆ ಹಲ್ಲಿನ ದಿಬ್ಬಗಳ ತುದಿಯಲ್ಲಿ ಸಣ್ಣ ಗುಳಿಗಳು ಬಿದ್ದಿದ್ದವು. ಮೇಲಿನ ಬಾಚಿ ಹಲ್ಲುಗಳ ಹಿಂಬದಿ, ನಾಲಿಗೆಯ ಕಡೆಯ ಮುಖ, ನುಣುಪಾಗಿ ಹೊಳೆಯುತ್ತಿತ್ತು. ಅಲ್ಲಿ ಎನಾಮೆಲ್ ಎಂಬ ಬಿಳಿಯ ಗಟ್ಟಿ ಪದರವೇ ಇರಲಿಲ್ಲ, ಒಳಗಿನ ಹಳದಿ ಕಾಣುತ್ತಿತ್ತು. ಹುಳುಕು ಹೀಗಿರುವುದಿಲ್ಲ. ಹುಳುಕು ಕಂದು ಬಣ್ಣಕ್ಕಿರುತ್ತದೆ, ಮೆತ್ತಗಿರುತ್ತದೆ, ತಿಂದದ್ದು ಸಿಕ್ಕಿಕೊಳ್ಳುವ ಸಂದಿಯಲ್ಲಿ ಹುಟ್ಟುತ್ತದೆ. ಇದು ಶುದ್ಧವಾಗಿತ್ತು, ತೊಳೆದಿಟ್ಟಂತಿತ್ತು. ಹಲ್ಲಿನ ಮುಂಭಾಗ ತೇದಿದ್ದರೆ ಕೋಲಾ ಕುಡಿಯುತ್ತಾನೆ, ನಿಂಬೆಹಣ್ಣು ಚೀಪುತ್ತಾನೆ ಎನ್ನಬಹುದಿತ್ತು. ಹೊರಗಿನಿಂದ ಬಂದ ಹುಳಿ ಮುಂಬಾಗಿಲಿಂದ ಬರುತ್ತದೆ. ಇವನ ಹಲ್ಲು ಹಿಂದಿನಿಂದ ಕರಗಿತ್ತು. ಹುಳಿ ಗಂಟಲಿನಿಂದ ಮೇಲೆ ಬರುತ್ತಿತ್ತು.

ಹೊಟ್ಟೆಯ ಆಮ್ಲ ಮೇಲೇರಿ ಹಲ್ಲು ತಿನ್ನುವುದನ್ನು ನಾವೆಲ್ಲ ಕಾಲೇಜಿನಲ್ಲಿ ಓದಿದವರೇ. ಓದುವಾಗ ಅದು ಹೊಟ್ಟೆ ಬಂದ ಐವತ್ತರ ಗಂಡಸರ ಕಾಯಿಲೆಯಾಗಿ ತಲೆಯಲ್ಲಿ ಕೂತಿತ್ತು. ಕಡ್ಡಿಯಂಥ ಈ ಹುಡುಗನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಕ್ಯಾಪ್ ಹಾಕಲು ಹಲ್ಲು ಕೊರೆದರೆ ಉಳಿದಿರುವ ಚೂರು ಎನಾಮೆಲ್ ಕೂಡ ಹೋಗುತ್ತದೆ. ಆಮ್ಲ ಬರುವುದು ನಿಲ್ಲದಿದ್ದರೆ ಕ್ಯಾಪಿನ ಅಂಚಿನ ಕೆಳಗೆ ಹಲ್ಲು ಕರಗಿ, ಕೆಲವೇ ವರ್ಷಗಳಲ್ಲಿ ಆರೂ ಹಲ್ಲು ಬುಡದಿಂದ ಹೋಗಬಹುದು. ಮೂವತ್ತಕ್ಕೆ ಮೊದಲೇ ಕಟ್ಟಿಸಿದ ಹಲ್ಲು. ಒಮ್ಮೆ ಕೊರೆದ ಹಲ್ಲನ್ನು ಹಿಂದಕ್ಕೆ ತರುವ ವಿದ್ಯೆ ನಮ್ಮಲ್ಲಿಲ್ಲ. ಇನ್ನೊಂದು ವಿಚಾರವೂ ಬಂತು, ಅದನ್ನೂ ಹೇಳಿಬಿಡುತ್ತೇನೆ. ನಾಳೆಯಿಂದ ಮಗನನ್ನು ನನ್ನ ಹತ್ತಿರ ಕಳಿಸಿ ಎಂದು ತಾಯಿಗೆ ಒಂದು ಫೋನ್ ಮಾಡಿದರೆ ಸಾಕಿತ್ತು. ಚಿಕಿತ್ಸೆಯೂ ಸರಿಹೋಗುತ್ತಿತ್ತು, ಚಿಕ್ಕ ಮೇಡಂ ಕೆಡಿಸಿದ್ದನ್ನು ದೊಡ್ಡ ಮೇಡಂ ಉಳಿಸಿದರು ಎಂದು ಶಿವಾಜಿನಗರಕ್ಕೆಲ್ಲ ಗೊತ್ತಾಗುತ್ತಿತ್ತು. ಫೋನನ್ನು ಕೈಗೆ ತೆಗೆದುಕೊಂಡಿದ್ದೆ ಕೂಡ.

ನಾಲ್ಕು ಗಂಟೆಗೆ ಅವಳು ಹೆಲ್ಮೆಟ್ ಹಿಡಿದುಕೊಂಡು ಬಂದಾಗ ನಾನಿನ್ನೂ ಅವಳ ಜಾಗದಲ್ಲೇ ಇದ್ದೆ. ಕ್ಯಾಪ್ ಹಾಕುವುದು ಬೇಡ ಎಂದೆ. ಕಾರಣ ಹೇಳುವ ಮೊದಲೇ ಅವಳ ಮುಖ ಗಂಟಾಯಿತು. ತೆರೆದಿದ್ದ ಫೋಟೋಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ಒಂದು ಕೇಳ್ತೀನಿ ಮೇಡಂ, ಬೇಜಾರ್ ಮಾಡ್ಕೋಬೇಡಿ," ಎಂದಳು. "ಅವನು ನಿಮ್ಮನ್ನ ಬಿಟ್ಟು ನನ್ನ ಹತ್ರ ಬಂದ ಅಂತ ತಾನೇ ಇದೆಲ್ಲ?"

ಇಲ್ಲ ಎಂದಿದ್ದರೆ ಅವಳು ಮುಂದೆ ಒಂದು ಮಾತೂ ನಂಬುತ್ತಿರಲಿಲ್ಲ.

"ಹೌದು," ಎಂದೆ. "ನಿನ್ನ ತಪ್ಪು ಹುಡುಕೋಕ್ಕೇ ಇಲ್ಲಿ ಕೂತಿದ್ದು. ಹೊಟ್ಟೆಕಿಚ್ಚಿದೆ, ಇಲ್ಲ ಅನ್ನಲ್ಲ. ಆದ್ರೆ ಸಿಕ್ಕಿದ್ದು ಬೇರೆ. ನನ್ನನ್ನ ಬೈಯೋದು ಆಮೇಲಿರ್ಲಿ, ಮೊದ್ಲು ಈ ಹಲ್ಲು ನೋಡು."

ಅವಳು ಕೂರಲಿಲ್ಲ, ನಿಂತುಕೊಂಡೇ ನೋಡಿದಳು. ಕಚ್ಚು ಸರಿಯಿಲ್ಲದಿರಬಹುದು, ರಾತ್ರಿ ಹಲ್ಲು ಕಡಿಯುತ್ತಿರಬಹುದು, ಸಿಮೆಂಟು ತೇವಾಂಶಕ್ಕೆ ಉಬ್ಬಿರಬಹುದು ಎಂದು ಒಂದೊಂದಾಗಿ ವಾದ ಹೂಡಿದಳು. ಬಾಯಿಮಾತಿಗೆ ಒಪ್ಪುವವಳಲ್ಲ. ಆಗ ನನಗೆ ಅಟ್ಟದ ನೆನಪಾಯಿತು. ಸ್ಟೂಲು ಹತ್ತಿ, ಧೂಳು ಕುಡಿದು, ಅವನ ಕ್ಲಿಪ್ ಬಿಚ್ಚಿದ ದಿನ ತೆಗೆದಿದ್ದ ಪ್ಲಾಸ್ಟರ್ ಅಚ್ಚನ್ನು ಹುಡುಕಿ ಇಳಿಸಿದೆ. ಅದರಲ್ಲಿ ಇನ್ನೊಂದು ಬದಿಯ ದವಡೆಯಲ್ಲಿ ನಾನು ಹಾಕಿದ ಹಳೆಯ ಬೆಳ್ಳಿ ಸಿಮೆಂಟಿನ ಗುರುತಿತ್ತು. ಬೆರಳಾಡಿಸಿದರೆ ಹಲ್ಲಿಗೂ ಅದಕ್ಕೂ ಒಂದೇ ಮಟ್ಟ. ಅವಳ ಹೊಸ ಫೋಟೋದಲ್ಲಿ ಅದೇ ಬೆಳ್ಳಿ ಸಿಮೆಂಟು ಸುತ್ತ ಮೆಟ್ಟಿಲು ಕಡಿದಂತೆ ಎತ್ತರ ನಿಂತಿತ್ತು. ಅವಳದು ಮಾತ್ರ ಎದ್ದಿದ್ದರೆ ಅವಳ ಕೈಯ ದೋಷ ಎನ್ನಬಹುದಿತ್ತು. ನನ್ನದೂ ಎದ್ದಿತ್ತು, ನನ್ನ ಕಣ್ಣಿಗೇ ಬೀಳದೆ ಎದ್ದಿತ್ತು. ಅಚ್ಚಿನಲ್ಲಿ ಕೋರೆ ಹಲ್ಲುಗಳ ತುದಿ ಚೂಪಾಗಿತ್ತು, ಫೋಟೋದಲ್ಲಿ ಮೊಂಡಾಗಿತ್ತು.

ಅವಳು ಅಚ್ಚನ್ನು ಕೈಯಲ್ಲಿ ತಿರುಗಿಸುತ್ತಾ ಈಗ ಕುರ್ಚಿಯಲ್ಲಿ ಕೂತಳು.

"ಹಾಗಾದ್ರೆ ನಾನು ಎರಡು ಸಲ ಉಜ್ಜಿದ್ದು..."

"ಸರಿಯಾಗಿದ್ದ ಸಿಮೆಂಟನ್ನ," ಎಂದೆ. ಆ ಮಾತು ಹೇಳುವಾಗ ನನಗೆ ಒಳಗೊಳಗೆ ಸಂತೋಷವಾಯಿತು. ಅವಳ ಕಣ್ಣು ತುಂಬಿದ್ದನ್ನು ನೋಡಿ ಆ ಸಂತೋಷ ಅಲ್ಲೇ ನಿಂತಿತು.

ಇನ್ನು ಇದನ್ನು ಆ ಮನೆಯವರಿಗೆ ಹೇಳುವವರು ಯಾರು ಎಂಬ ಪ್ರಶ್ನೆ ಬಂತು. ನಾನು ಹೇಳಿದರೆ ಅದು ಇಬ್ಬರು ಡಾಕ್ಟರುಗಳ ಜಗಳವಾಗಿ ಕೇಳಿಸುತ್ತದೆ. ಒಬ್ಬಳು ಹಾಕುತ್ತೇನೆ ಎಂದಳು, ಇನ್ನೊಬ್ಬಳು ಬೇಡ ಎಂದಳು. ಮದುವೆ ಹತ್ತಿರವಿರುವ ಹುಡುಗ ಇಬ್ಬರನ್ನೂ ಬಿಟ್ಟು ಇಂದಿರಾನಗರದ ಯಾವುದಾದರೂ ಗಾಜಿನ ಬಾಗಿಲಿನ ಕ್ಲಿನಿಕ್ಕಿಗೆ ಹೋಗುತ್ತಾನೆ, ಅಲ್ಲಿ ಮರುದಿನವೇ ಆರೂ ಹಲ್ಲು ಕೊರೆದು ಕಳಿಸುತ್ತಾರೆ. ಮಾತು ಕೊಟ್ಟವಳೇ ಮಾತು ಹಿಂತೆಗೆದುಕೊಂಡರೆ ಮಾತ್ರ ಅವನು ಕೇಳಿಯಾನು. ನಾನು ತಾಯಿಗೆ ಫೋನ್ ಮಾಡಿ, ನಿಮ್ಮ ಮಗನನ್ನು ನಾನು ತೆಗೆದುಕೊಳ್ಳುವುದಿಲ್ಲ, ಚಿಕ್ಕ ಮೇಡಂ ಕೆಲಸದಲ್ಲಿ ತಪ್ಪಿಲ್ಲ, ನಾನು ಹಾಕಿದ ಸಿಮೆಂಟೂ ಹಾಗೇ ಎದ್ದಿದೆ, ಅವಳು ಹೇಳಿದ ಹಾಗೆ ಮಾಡಿ ಎಂದೆ. ಫೋನಿಟ್ಟ ಮೇಲೆ ಕೈಗೆ ಬಂದಿದ್ದನ್ನು ನಾನೇ ಎಸೆದೆನಲ್ಲ ಎಂದು ಸಂಕಟವಾಯಿತು. ಚಿಕ್ಕ ಮೇಡಂಗೆ ಒಂದೇ ಮಾತು ಹೇಳಿದೆ. ಅವನು ನಿನ್ನ ಪೇಷಂಟು, ನಾನು ಆ ಕುರ್ಚಿಯ ಹತ್ತಿರ ಬರುವುದಿಲ್ಲ.

ಅವನು ಬಂದ ದಿನ ನಾನು ಮುಂದಿನ ಕೋಣೆಯಲ್ಲಿ, ತೆಳ್ಳನೆಯ ಪ್ಲೈವುಡ್ ಗೋಡೆಯ ಈಚೆ ಕೂತು ಕಿವಿಗೊಟ್ಟೆ. ಏನು ಕೇಳಬೇಕೆಂದು ಹಿಂದಿನ ದಿನವೇ ಇಬ್ಬರೂ ಮಾತಾಡಿಕೊಂಡಿದ್ದೆವು. ಎದೆ ಉರಿಯುತ್ತದಾ? ಇಲ್ಲ. ಹುಳಿ ತೇಗು? ಎಲ್ಲರಿಗೂ ಬರುವಷ್ಟು. ಕೋಲಾ, ಉಪ್ಪಿನಕಾಯಿ, ನಿಂಬೆ ಶರಬತ್ತು? ಹಬ್ಬ ಹುಣ್ಣಿಮೆಗೆ. ತೆಳ್ಳಗಾಗಬೇಕೆಂದು ಬೇಕಂತಲೇ ವಾಂತಿ ಮಾಡುವವರೂ ಇರುತ್ತಾರೆ, ಅದನ್ನೂ ಮೆತ್ತಗೆ ಕೇಳಿದಳು. ಅವನು ನಕ್ಕುಬಿಟ್ಟ. ನಾನು ಬರೆದುಕೊಟ್ಟ ಪ್ರಶ್ನೆಗಳೆಲ್ಲ ಮುಗಿದವು, ಉತ್ತರ ಯಾವುದೂ ಹೊಂದಲಿಲ್ಲ. ನನ್ನ ಊಹೆಯೇ ತಪ್ಪಾಯಿತೇನೋ ಎಂದುಕೊಂಡೆ.

ಆಮೇಲೆ ಅವಳು ಭಾಷೆ ಬದಲಿಸಿದಳು. ದಖನಿಯಲ್ಲಿ, ಅಕ್ಕ ತಮ್ಮನ ಹತ್ತಿರ ಹರಟುವ ಹಾಗೆ, ಬೆಳಿಗ್ಗೆ ಎದ್ದಾಗ ಹೇಗಿರುತ್ತದೆ ಎಂದು ಕೇಳಿದಳು. ಅವನು ಹೇಳತೊಡಗಿದ. ಗಂಟಲು ಕಟ್ಟಿರುತ್ತದೆ, ಮೊದಲ ಗಿರಾಕಿ ಬರುವತನಕ ಸ್ವರ ಹೊರಡುವುದಿಲ್ಲ. ಒಣ ಕೆಮ್ಮು ಇದ್ದೇ ಇರುತ್ತದೆ. ದಿಂಬಿನ ಮೇಲೆ ಹಳದಿ ಕಲೆ ಆಗಿರುತ್ತದೆ, ಬಾಯಿಂದ ಹುಳಿ ನೀರು ಬಂದಿರುತ್ತದೆ. ದಿಂಬಿನ ಹೊದಿಕೆಯನ್ನು ತಾಯಿಗೆ ಕಾಣದಂತೆ ತಾನೇ ಒಗೆಯುತ್ತಾನೆ. ಮದುವೆಯಾದ ಮೇಲೆ ಹೆಂಡತಿ ನೋಡಿದರೆ ಏನು ಮಾಡಲಿ ಎಂದು ಕೇಳುವಾಗ ಅವನ ಧ್ವನಿ ಸಣ್ಣಗಾಯಿತು. ಬಾಯಿಯ ಹುಳಿ ಹೋಗಲೆಂದೇ ಪೆಪ್ಪರಮಿಂಟು. ಅಂಗಡಿ ಮುಚ್ಚಿ, ಬಟ್ಟೆ ಮಡಚಿಟ್ಟು, ಮನೆಗೆ ಬಂದು ಊಟ ಮಾಡುವಾಗ ಹನ್ನೊಂದು ದಾಟಿರುತ್ತದೆ. ಕಾಲು ಬಿದ್ದುಹೋಗಿರುತ್ತದೆ, ತಟ್ಟೆ ತೊಳೆದ ಕೈ ಒಣಗುವ ಮೊದಲೇ ಮಲಗುತ್ತಾನೆ.

ಹುಳಿ ಬಂದ ತಕ್ಷಣ ಏನು ಮಾಡ್ತೀಯ ಎಂದು ಅವಳು ಕೇಳಿದಳು.

"ಬ್ರಷ್ ಮಾಡ್ತೀನಿ ಮೇಡಂ, ಜೋರಾಗಿ," ಎಂದು ಅವನು ಕನ್ನಡಕ್ಕೆ ಬಂದ. "ದೊಡ್ಡ ಮೇಡಂ ಚಿಕ್ಕೋನಿದ್ದಾಗ್ಲೇ ಹೇಳಿದ್ರಲ್ಲ, ಬಾಯಿ ಗಲೀಜಾದ್ರೆ ತಕ್ಷಣ ಉಜ್ಜು ಅಂತ."

ಗೋಡೆಯ ಈಚೆ ನಾನು ಕಣ್ಣು ಮುಚ್ಚಿಕೊಂಡೆ. ಆಮ್ಲ ತಾಗಿದ ಹಲ್ಲಿನ ಮೇಲ್ಪದರ ಸ್ವಲ್ಪ ಹೊತ್ತು ಮೆತ್ತಗಿರುತ್ತದೆ. ಆಗ ಬ್ರಷ್ ಹಾಕಿದರೆ ಮೆತ್ತಗಾದದ್ದೆಲ್ಲ ಉಜ್ಜಿ ಹೋಗುತ್ತದೆ. ಸೋಮಾರಿ ಹುಡುಗನಾಗಿದ್ದರೆ ಅವನ ಹಲ್ಲು ಇನ್ನಷ್ಟು ಉಳಿದಿರುತ್ತಿತ್ತು. ಹಲ್ಲಿನ ಡಾಕ್ಟರ ಮಾತನ್ನು ಅಕ್ಷರಶಃ ಪಾಲಿಸಿದ್ದಕ್ಕೆ ಹೆಚ್ಚು ಕಳೆದುಕೊಂಡಿದ್ದ. ಅದರ ಜೊತೆಗೇ ಇನ್ನೊಂದು ನೋವೂ ಇತ್ತು. ಇಷ್ಟು ವರ್ಷ ನನ್ನೆದುರು ಬಾಯಿ ತೆರೆದಿದ್ದವನು ದಿಂಬಿನ ಮಾತನ್ನು ನನಗೆ ಹೇಳಲಿಲ್ಲ, ಅವಳಿಗೆ ಹೇಳಿದ. ಅವಳು ಕೇಳಿದಳು, ನಾನು ಕೇಳಿರಲಿಲ್ಲ ಎಂಬ ಸಮಾಧಾನದಿಂದ ಹೊಟ್ಟೆಕಿಚ್ಚೇನೂ ಕಡಿಮೆಯಾಗಲಿಲ್ಲ.

ಕ್ಯಾಪ್ ಈಗ ಹಾಕುವುದಿಲ್ಲ ಎಂದಾಗ ಅವನು ರೇಗಿದ. ಮದುವೆಗೆ ಹೀಗೇ ಹೋಗಲಾ ಎಂದ. ಅವಳು ಅವನ ಕೈಗೆ ಪ್ಲಾಸ್ಟರ್ ಅಚ್ಚು ಕೊಟ್ಟು, ಪಕ್ಕದಲ್ಲಿ ಫೋಟೋ ಹಿಡಿದಳು. ಅವನು ತನ್ನದೇ ಹಳೆಯ ಕೋರೆ ಹಲ್ಲಿನ ಚೂಪನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡುತ್ತಾ ಬಹಳ ಹೊತ್ತು ಕೂತಿದ್ದನಂತೆ. ಎದ್ದು ಹೋಗುವಾಗ ಅವಳಿಗೂ ಹೇಳಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಮತ್ತೆ ಬರುತ್ತಾನೋ ಇಲ್ಲವೋ ಎಂದು ಇಬ್ಬರೂ ಒಂದು ವಾರ ಬಾಗಿಲ ಕಡೆ ನೋಡುತ್ತಲೇ ಕೆಲಸ ಮಾಡಿದೆವು.

ಬಂದ. ಜೊತೆಗೆ ಹೊಟ್ಟೆಯ ಡಾಕ್ಟರು ಮಾಡಿದ ಪರೀಕ್ಷೆಯ ವರದಿಯಿತ್ತು. ಬಾಯಿಯಿಂದ ಕೊಳವೆ ಇಳಿಸಿ ನೋಡಿದ್ದರು. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಇರುವ ಬಾಗಿಲು ಸಡಿಲವಾಗಿ, ಮೇಲಿನ ಭಾಗವೆಲ್ಲ ಕೆಂಪಾಗಿತ್ತು. ಎದೆ ಉರಿಯದೆಯೂ ಹೀಗಾಗುತ್ತದೆ, ಹುಡುಗ ಹುಡುಗಿಯರಲ್ಲೂ ಆಗುತ್ತದೆ, ಕೆಲವರಲ್ಲಿ ಅದರ ಗುರುತು ಮೊದಲು ಹಲ್ಲಿನಲ್ಲೇ ಕಾಣುತ್ತದೆ ಎಂದು ಆ ಡಾಕ್ಟರು ಅವಳ ಜೊತೆ ಫೋನಿನಲ್ಲಿ ಮಾತಾಡಿದರು. ನೀವು ಚೆನ್ನಾಗಿ ಗುರುತಿಸಿದ್ದೀರಿ ಎಂದು ಹೊಗಳಿದರು. ಅವಳು, ಅದು ನಮ್ಮ ಮೇಡಂ ಸರ್ ಎಂದಳು. ಪಕ್ಕದಲ್ಲೇ ಇದ್ದೆ, ಕೇಳಿಸಿಕೊಂಡೆ. ಅವಳು ಹಾಗೆ ಹೇಳದಿದ್ದರೆ ಬೈಯಬಹುದಿತ್ತು, ಆ ಅವಕಾಶವನ್ನೂ ಕೊಡಲಿಲ್ಲ.

ಮಾತ್ರೆ ಶುರುವಾಯಿತು. ಮಲಗಿದಾಗ ಹುಳಿ ಮೇಲೇರದಂತೆ ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಬಿತ್ತು. ರಾತ್ರಿ ಊಟವನ್ನು ತಾಯಿ ಸಂಜೆಯೇ ಡಬ್ಬಿಯಲ್ಲಿ ಅಂಗಡಿಗೆ ಕಳಿಸತೊಡಗಿದರು. ಹುಳಿ ಬಂದರೆ ಬ್ರಷ್ ಮುಟ್ಟದೆ, ಚಿಟಿಕೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗಿಯಬೇಕು. ಸಕ್ಕರೆಯ ಪೆಪ್ಪರಮಿಂಟು ಬಿಡಬೇಕು. ರಂಜಾನ್ ತಿಂಗಳು ಬಂದಾಗ ಮಾತ್ರೆಯ ಹೊತ್ತನ್ನು ಆ ಡಾಕ್ಟರೇ ಹೊಂದಿಸಿಕೊಟ್ಟರು. ಉಪವಾಸ ಶುರುವಾಗುವ ಮೊದಲು ನಸುಕಿನಲ್ಲಿ ಸೆಹ್ರಿ ಊಟ ಮುಗಿಸಿ, ನಮಾಜು ಮಾಡಿ, ಮತ್ತೆ ಮಲಗುವುದು ಆ ಮನೆಯ ರೂಢಿ. ಈ ಸಲ ತಾಯಿ ಅವನನ್ನು ಮಲಗಲು ಬಿಡದೆ ಎದುರಿಗೆ ಕೂರಿಸಿಕೊಂಡು ಮದುವೆಯ ಕೆಲಸಗಳನ್ನೆಲ್ಲ ಮಾಡಿಸಿದರಂತೆ. ಚಿಕ್ಕ ಮೇಡಂ ಚೂಪಾಗಿ ಮುರಿದಿದ್ದ ಅಂಚುಗಳನ್ನು ನಯ ಮಾಡಿ, ಜುಮ್ಮೆನ್ನುವ ಕಡೆ ತೆಳ್ಳಗೆ ಲೇಪ ಹಚ್ಚಿದಳು. ಮದುವೆಗೆ ಅಷ್ಟೇ.

ನಿಕಾಹ್ ಫೋಟೋಗಳು ಅವಳ ಮೊಬೈಲಿಗೆ ಬಂದವು, ನನ್ನದಕ್ಕೆ ಬರಲಿಲ್ಲ. ಒಂದರಲ್ಲೂ ಅವನ ಹಲ್ಲು ಕಾಣುತ್ತಿರಲಿಲ್ಲ. ಶೇರ್ವಾನಿ ತೊಟ್ಟು, ತುಟಿ ಬಿಗಿಹಿಡಿದು ನಿಂತಿದ್ದ. ಅದನ್ನು ನೋಡಿ ನಮಗಿಬ್ಬರಿಗೂ ಕಷ್ಟವಾಯಿತು. ನಿಮ್ಮ ಮಾತು ಕೇಳಿ ತಪ್ಪು ಮಾಡಿದೆನಾ ಎಂದು ಅವಳು ಕೇಳಲಿಲ್ಲ, ಆದರೆ ಆ ಫೋಟೋವನ್ನು ಬಹಳ ಹೊತ್ತು ದೊಡ್ಡದು ಮಾಡಿ ನೋಡುತ್ತಿದ್ದಳು.

ಮುಂದಿನ ತಿಂಗಳುಗಳಲ್ಲಿ ಅವಳು ಪ್ರತಿ ಸಲವೂ ಫೋಟೋ ತೆಗೆದು ಹಿಂದಿನದರ ಪಕ್ಕ ಇಟ್ಟಳು. ನಾನು ಮತ್ತೆ ಕಿಚಾಯಿಸಲಿಲ್ಲ. ಹೊಸದಾಗಿ ತೇದಿರಲಿಲ್ಲ, ಸಿಮೆಂಟಿನ ಮೆಟ್ಟಿಲು ಎತ್ತರವಾಗಿರಲಿಲ್ಲ, ಹೊಸ ಹುಳುಕೂ ಇರಲಿಲ್ಲ. ಕೆಮ್ಮು ಹೋಗಿದೆ, ದಿಂಬು ಒಣಗಿರುತ್ತದೆ ಎಂದು ಅವನು ಹೇಳಿದ ದಿನ, ಇನ್ನು ಕಟ್ಟಬಹುದು ಎಂದು ಅವಳು ತೀರ್ಮಾನಿಸಿದಳು.

ಒಂದು ಚೂರೂ ಕೊರೆಯದೆ ಕಟ್ಟಿದಳು. ಕರಗಿದ್ದ ಹಿಂಬದಿಗೆ ಹಲ್ಲಿನದೇ ಬಣ್ಣದ ವಸ್ತುವನ್ನು ಪದರ ಪದರವಾಗಿ ಅಂಟಿಸಿ, ನೀಲಿ ಬೆಳಕಿನಲ್ಲಿ ಗಟ್ಟಿ ಮಾಡಿ, ಅಂಚನ್ನು ಎಳೆದು, ಹೊಳಪು ಕೊಟ್ಟಳು. ಕೋರೆ ಹಲ್ಲಿನ ತುದಿಗೆ ಎಷ್ಟು ಎತ್ತರ ಬೇಕೆಂದು ನನ್ನ ಪ್ಲಾಸ್ಟರ್ ಅಚ್ಚಿನಿಂದ ಅಳತೆ ತೆಗೆದಳು. ಮೂರು ದಿನದ ಕೆಲಸ. ನಾನು ನನ್ನ ರೋಗಿಗಳನ್ನು ಬೇಗ ಬೇಗ ಮುಗಿಸಿ ಕಿಟಕಿ ಪಕ್ಕದಿಂದ ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ಅವಳ ವಯಸ್ಸಿನಲ್ಲೂ ನನಗೆ ಅಂಥ ಕೈ ಇರಲಿಲ್ಲ. ಇದನ್ನು ಯಾರೂ ನನಗೆ ಹೇಳಬೇಕಾಗಿರಲಿಲ್ಲ, ಆದರೂ ಕಣ್ಣಿಗೆ ಕಂಡಾಗ ನೋವಾಯಿತು.

ಕೊನೆಯ ದಿನ ಅವಳು ಕುರ್ಚಿಯಿಂದ ಎದ್ದು, ಮೇಡಂ ಒಂದ್ಸಲ ನೋಡಿ ಎಂದಳು. ಆ ಕುರ್ಚಿಯ ಹತ್ತಿರ ಬರುವುದಿಲ್ಲ ಎಂದಿದ್ದೆನಲ್ಲ ಎಂದರೆ, ಇವತ್ತು ಬನ್ನಿ ಎಂದಳು. ಕೈಗವಸು ಹಾಕಿಕೊಂಡು ಕೂತೆ. ಬಾಯಿಗನ್ನಡಿಯಲ್ಲಿ ಒಂದೊಂದು ಹಲ್ಲಿನ ಹಿಂಬದಿ ನೋಡಿದೆ. ಮೊನಚು ಸಲಾಕೆಯನ್ನು ಅಂಚಿನಲ್ಲಿ ಎಳೆದೆ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಸಂದಿಗಳಲ್ಲಿ ದಾರ ಹಾಯಿಸಿದೆ. ನೀಲಿ ಕಾಗದ ಇಟ್ಟು ಕಚ್ಚಿಸಿದೆ, ಪಕ್ಕಕ್ಕೆ ತೇಯಿಸಿದೆ, ಮತ್ತೆ ಕಚ್ಚಿಸಿದೆ. ಅವನ ದವಡೆ ನೋಯುವಷ್ಟು ಹೊತ್ತು ಹುಡುಕಿದೆ. ಕೊನೆಗೆ ಕನ್ನಡಿಯನ್ನು ತಟ್ಟೆಯಲ್ಲಿಟ್ಟೆ.

"ಸಿಗ್ಲಿಲ್ಲ," ಎಂದೆ.

"ಗೊತ್ತು ನೀವು ಹುಡುಕ್ತೀರ ಅಂತ," ಎಂದಳು ಅವಳು. "ಅದಕ್ಕೇ ನಿಮ್ಮ ಕೈಲಿ ನೋಡ್ಸಿದ್ದು ಮೇಡಂ. ಬೇರೆ ಯಾರಾದ್ರೂ ಚೆನ್ನಾಗಿದೆ ಅಂದ್ಬಿಡ್ತಾರೆ. ನನಗೆ ನಿದ್ದೆ ಬರ್ಬೇಕಲ್ಲ."

ನಾನು ಕೈಗವಸು ಕಳಚಿದೆ. ಅಷ್ಟರಲ್ಲಿ ಅವನು ಎದ್ದು ಕೂತು ಮುಖ ನೋಡಿಕೊಳ್ಳಲು ಕನ್ನಡಿ ಕೇಳಿದ. ಡ್ರಾಯರಿನಲ್ಲಿದ್ದ ಕೈಗನ್ನಡಿಯನ್ನು ನಾನು ತೆಗೆಯುವ ಹೊತ್ತಿಗೆ ಅವಳು ಇನ್ನೊಂದನ್ನು ಕೊಟ್ಟಾಗಿತ್ತು, ಅವನು ಅದರೊಳಗೆ ಬಾಯ್ತುಂಬ ನಗುತ್ತಿದ್ದ.